ಅಂಗಳದ ಅಗ್ಗಿಷ್ಟಿಕೆ

ಬೆಂಕಿಯನ್ನು ಪಳಗಿಸಿದ ದಿನದಿಂದ ಮಾನವನು ಅದರಿಂದ ಎರಡು ಮುಖ್ಯ ಉಪಕಾರಗಳನ್ನು ಪಡೆಯುತ್ತ ಬಂದಿದ್ದಾನೆ. ಒಂದು, ಆಹಾರವನ್ನು ಬೇಯಿಸುವುದು. ಇನ್ನೊಂದು, ಚಳಿಯಿಂದ ದೇಹವನ್ನು ಕಾಪಾಡಿಕೊಳ್ಳುವುದು. ಮಾಗಿಯ ಮುಂಜಾವಿನಲ್ಲಿ ಮಲೆನಾಡಿನ ಮನೆಗಳ ಅಂಗಳದಲ್ಲಿ ಸೌದೆ, ತರಗೆಲೆಗಳನ್ನು ಒಟ್ಟಿ ಚಳಿ ಕಾಯಿಸುವ ರೂಢಿ ಇಂದಿಗೂ ಉಂಟು. ಕಾಶ್ಮೀರದ ಜನರು ಕಡ್ಡಿಗಳಿಂದ ಹೆಣೆದ ಬುಟ್ಟಿಯಲ್ಲಿ ಮಣ್ಣಿನ ಕುಡಿಕೆಯನ್ನಿರಿಸಿ, ಅದಕ್ಕೆ ಕೆಂಡ ತುಂಬಿ, ‘ಫೆರನ್’ ಎಂಬ ನಿಲುವಂಗಿಯ ಒಳಗೆ ಹಿಡಿದುಕೊಳ್ಳುತ್ತಾರೆ. ಇದೇ ಕಾಂಗ್ರಿ. ಯೂರೋಪಿನ ನಗರಗಳಲ್ಲಿ ಉಪಾಹಾರಗೃಹಗಳ ಮುಂದೆ, ತೆರೆದ ಬಯಲಿನಲ್ಲಿ ಕುಳಿತವರಿಗಾಗಿ ಎತ್ತರದ ಹೀಟರುಗಳನ್ನು ನಿಲ್ಲಿಸುವ ಪದ್ಧತಿ ಬೆಳೆಯಿತು. ಇವು ಈಗ ನಮ್ಮ ಗಿರಿಧಾಮಗಳಿಗೂ ಬಂದಿವೆ. ರೂಪ ಯಾವುದೇ ಇರಲಿ, ಇವೆಲ್ಲವೂ ಅಗ್ಗಿಷ್ಟಿಕೆಯ ಬಳಗಕ್ಕೇ ಸೇರಿದವು.

ಬಯಲಿನಲ್ಲಿ ಬೆಂಕಿಯು ನಮ್ಮನ್ನು ಬೆಚ್ಚಗಾಗಿಸುವ ಬಗೆ ಹೇಗೆ? ಉಷ್ಣವು ವಹನ, ಸಂವಹನ, ವಿಕಿರಣ ಎಂಬ ಮೂರು ರೀತಿಗಳಲ್ಲಿ ಸಾಗುತ್ತದೆ. ಕೋಣೆಯಲ್ಲಾದರೆ ಕಾದ ಗಾಳಿ ಅಲ್ಲಿಯೇ ಸುತ್ತುತ್ತಿರುತ್ತದೆ. ಬಯಲಿನಲ್ಲಿ ಕಾದ ಗಾಳಿ ಹಗುರವಾಗಿ ಮೇಲೇರಿ ಹೋಗಿಬಿಡುತ್ತದೆ. ಅಲ್ಲಿ ನೆರವಿಗೆ ಬರುವುದು ವಿಕಿರಣವೊಂದೇ. ೧೮೦೦ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿ ಸೂರ್ಯನ ಬೆಳಕನ್ನು ಅಶ್ರಗದಿಂದ ಬಣ್ಣಗಳಾಗಿ ಒಡೆದು, ಪ್ರತಿ ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಪರೀಕ್ಷಿಸಿದನು. ಕೆಂಪಿನ ಆಚೆಗೆ, ಬೆಳಕೇ ಕಾಣದ ಎಡೆಯಲ್ಲಿಯೂ ಪಾದರಸ ಏರಿತು! ಕಣ್ಣಿಗೆ ಕಾಣದ ಈ ಅವಕೆಂಪು ಕಿರಣಗಳೇ ಕೆಂಡದ ಮುಂದೆ ಕುಳಿತಾಗ ಮುಖಕ್ಕೆ ತಾಗುವ ಬಿಸಿ. ಬೆನ್ನು ಮಾತ್ರ ತಣ್ಣಗಿರುವುದೇಕೆಂಬುದಕ್ಕೂ ಇದೇ ಉತ್ತರ: ಕಿರಣಗಳು ನೇರವಾಗಿ ಸಾಗುತ್ತವೆ. ದೂರ ಹೆಚ್ಚಿದಂತೆ ಅವು ಚದರಿ ದುರ್ಬಲವಾಗುತ್ತವೆ. ಹಾಗೆಂದು ಬೆಂಕಿಗೆ ತೀರ ಹತ್ತಿರವಾಗುವುದೂ ಸರಿಯಲ್ಲ. ಬಹುಕಾಲ ಕಾಂಗ್ರಿಯನ್ನು ಒಡಲಿಗೆ ಒತ್ತಿ ಹಿಡಿದವರಲ್ಲಿ ಕೆಲವರಿಗೆ ಹೊಟ್ಟೆ, ತೊಡೆಗಳ ಚರ್ಮದಲ್ಲಿ ಅರ್ಬುದರೋಗ ಉಂಟಾಗುವುದನ್ನು ವೈದ್ಯರು ಗುರುತಿಸಿದ್ದಾರೆ.

ಹೀಟರನ್ನು ಆರಿಸುವಾಗ ಸ್ಥಳವನ್ನೂ ಅಗತ್ಯವನ್ನೂ ನೋಡಬೇಕು. ಅನಿಲದ ಹೀಟರಿನಲ್ಲಿ ಜ್ವಾಲೆಯು ಲೋಹದ ಜಾಲರಿಯನ್ನು ಕೆಂಪಗೆ ಕಾಯಿಸುತ್ತದೆ. ಮೇಲಿನ ಕೊಡೆಯಂತಹ ತಗಡು ಶಾಖವನ್ನು ಕೆಳಕ್ಕೆ ತಿರುಗಿಸುತ್ತದೆ. ಇದನ್ನು ಬೇಕಾದೆಡೆಗೆ ಒಯ್ಯಬಹುದು. ಆದರೆ ಅದರ ಹಸಿವು ದೊಡ್ಡದು. ೧೩ ಕಿಲೋವಾಟ್ ಸಾಮರ್ಥ್ಯದ ಹೀಟರು ಗಂಟೆಗೆ ಸುಮಾರು ಒಂದು ಕಿಲೋಗ್ರಾಂ ಅನಿಲವನ್ನು ಉರಿಸುತ್ತದೆ. ಅಡುಗೆಮನೆಯ ೧೪.೨ ಕಿಲೋಗ್ರಾಂ ಸಿಲಿಂಡರಿನಲ್ಲಿರುವಷ್ಟು ಅನಿಲ ಹದಿನಾಲ್ಕು ಗಂಟೆಗಳಲ್ಲಿ ಮುಗಿದುಹೋಗುತ್ತದೆ! ವಿದ್ಯುತ್ ಹೀಟರು ಸಾಮಾನ್ಯವಾಗಿ ೨ ಕಿಲೋವಾಟಿನ ಆಸುಪಾಸಿನದು. ಇದು ಕೆಲವರನ್ನಷ್ಟೇ ಬೆಚ್ಚಗಿರಿಸಬಲ್ಲದು. ಆದರೆ ಇದರಲ್ಲಿ ಜ್ವಾಲೆಯಿಲ್ಲ, ವಿಷಾನಿಲವಿಲ್ಲ. ಮಳೆ, ಇಬ್ಬನಿಗಳಿಗೆ ಜಗ್ಗದಂತೆ ಬಯಲಿಗೆಂದೇ ತಯಾರಿಸಿದ್ದನ್ನು ಕೊಳ್ಳಬೇಕು, ಅದಕ್ಕೆ ಭೂಸಂಪರ್ಕವಿರಲೇಬೇಕು.

ಬಳಸುವಾಗ ಪಾಲಿಸಬೇಕಾದ ನಿಯಮಗಳು ಸರಳವಾದವು. ಹೀಟರು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಚಪ್ಪರ, ಪರದೆ, ಒಣಗಿದ ಎಲೆಗಳಿಂದ ದೂರವಿರಬೇಕು. ವಾಲಿದರೆ ತಾನಾಗಿ ಆರುವ ಹಾಗೂ ಜ್ವಾಲೆ ನಂದಿದೊಡನೆ ಅನಿಲವನ್ನು ತಡೆಯುವ ಏರ್ಪಾಡು ಅದರಲ್ಲಿರಬೇಕು. ಅನಿಲದ ಕೊಳವೆಯ ಸಂದುಗಳಿಗೆ ಸಾಬೂನಿನ ನೀರನ್ನು ಸವರಿದರೆ, ಸೋರುತ್ತಿರುವಲ್ಲಿ ಗುಳ್ಳೆಗಳು ಏಳುತ್ತವೆ. ಕಡ್ಡಿ ಗೀರಿ ನೋಡುವುದು ಅವಿವೇಕ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ತಗ್ಗುಗಳಲ್ಲಿ ಸಂಗ್ರಹವಾಗುತ್ತದೆಂಬುದನ್ನು ಮರೆಯಬಾರದು. ಮಕ್ಕಳನ್ನು ಬೆಂಕಿಯ ಬಳಿ ಬಿಟ್ಟು ಹಿರಿಯರು ಅತ್ತಿತ್ತ ಹೋಗಬಾರದು.

ಇವೆಲ್ಲಕ್ಕಿಂತ ಮಿಗಿಲಾದ ನಿಯಮ ಒಂದಿದೆ: ಬಯಲಿನ ಬೆಂಕಿ ಬಯಲಿನಲ್ಲಿಯೇ ಇರಬೇಕು. ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ, ಮುಂದೆ ರೋಮಿನ ಚಕ್ರವರ್ತಿಯಾದ ಜೂಲಿಯನ್ನನು ಇಂದು ಪ್ಯಾರಿಸ್ ಎನಿಸಿರುವ ಊರಿನಲ್ಲಿ ಒಂದು ಚಳಿಗಾಲವನ್ನು ಕಳೆದನು. ನದಿಯ ಮೇಲೆ ಹಿಮದ ಬಂಡೆಗಳು ತೇಲುತ್ತಿದ್ದವು. ಚಳಿ ತಾಳಲಾರದೆ ಅವನು ಮಲಗುವ ಕೋಣೆಗೆ ಕೆಂಡವನ್ನು ತರಿಸಿದನು. ಸ್ವಲ್ಪ ಹೊತ್ತಿನಲ್ಲಿ ತಲೆ ಭಾರವಾಗಿ ಮಂಪರು ಕವಿಯಿತು. ಸೇವಕರು ಹೊರಗೆ ಎತ್ತಿ ತಂದುದರಿಂದ ಜೀವ ಉಳಿಯಿತು. ತೇವದ ಗೋಡೆಗಳಿಂದ ಹೊರಟ ಆವಿಯೇ ಇದಕ್ಕೆ ಕಾರಣವೆಂದು ಅವನು ಬರೆದಿಟ್ಟಿದ್ದಾನೆ. ನಿಜವಾದ ಕಾರಣ ಅದಲ್ಲ. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಕೂಡಿಕೊಳ್ಳುತ್ತದೆ. ಹೀಗೆ ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ದೊರೆಯದಂತಾಗುತ್ತದೆ.

ಹೊಗೆಯಿದ್ದರೆ ಕೆಮ್ಮು ಬಂದು ಎಚ್ಚರಿಸೀತು. ಕೆಂಡಕ್ಕೆ ಹೊಗೆಯಿಲ್ಲ, ಆದ್ದರಿಂದಲೇ ಅದು ನಿರಪಾಯವೆಂಬ ಭ್ರಮೆ ಹುಟ್ಟುತ್ತದೆ. ಬೂದಿ ಮುಚ್ಚಿದ ಕೆಂಡವೂ ಈ ವಿಷವನ್ನು ಬಿಡುತ್ತಲೇ ಇರುತ್ತದೆ. ರಾತ್ರಿ ಬಾಗಿಲು ಮುಚ್ಚಿ, ಇದ್ದಿಲ ಒಲೆಯನ್ನು ಪಕ್ಕದಲ್ಲಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ದುರಂತಗಳು ಚಳಿಗಾಲದಲ್ಲಿ ಮತ್ತೆ ಮತ್ತೆ ನಡೆಯುತ್ತವೆ. ತಲೆನೋವು, ತಲೆಸುತ್ತು, ಓಕರಿಕೆಗಳು ಇದರ ಮೊದಲ ಸೂಚನೆಗಳು. ನಿದ್ರಿಸುವವನಿಗೆ ಅವೂ ತಿಳಿಯುವುದಿಲ್ಲ. ಸ್ಕಾಟ್ಲೆಂಡಿನ ವಿಜ್ಞಾನಿ ಜೆ. ಎಸ್. ಹಾಲ್ಡೇನನು, ಗಣಿಯೊಳಗೆ ಸಣ್ಣ ಪ್ರಾಣಿಪಕ್ಷಿಗಳನ್ನು ಒಯ್ದರೆ ಅವು ಮನುಷ್ಯನಿಗಿಂತ ಮೊದಲೇ ಅಸ್ವಸ್ಥವಾಗಿ ಎಚ್ಚರಿಕೆ ನೀಡುವುವೆಂದು ತೋರಿಸಿದನು. ಬ್ರಿಟನ್ನಿನ ಗಣಿಗಳಲ್ಲಿ ಕೆನರಿ ಹಕ್ಕಿಗಳು ೧೯೮೬ರವರೆಗೂ ಈ ಕಾವಲನ್ನು ನಡೆಸಿದವು. ಬಳಿಕ ಆ ಕೆಲಸವನ್ನು ಉಪಕರಣಗಳು ವಹಿಸಿಕೊಂಡವು. ಮನೆಗಳಿಗೂ ಅಂತಹ ಉಪಕರಣಗಳು ದೊರೆಯುತ್ತವೆ. ಯಾರಾದರೂ ಈ ಅನಿಲಕ್ಕೆ ಸಿಲುಕಿದಾಗ ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ತಡಮಾಡದೆ ಹೊರಗಿನ ಗಾಳಿಗೆ ತಂದು, ಆಸ್ಪತ್ರೆಗೆ ಸಾಗಿಸಬೇಕು.

ಬಯಲನ್ನು ಕಾಯಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯೂ ಎದ್ದಿದೆ. ಆಕಾಶಕ್ಕೆ ಹಾರಿಹೋಗುವ ಶಾಖಕ್ಕಾಗಿ ಇಂಧನವನ್ನು ವ್ಯಯಿಸಬಾರದೆಂದು ಫ್ರಾನ್ಸ್ ದೇಶವು ಉಪಾಹಾರಗೃಹಗಳ ತೆರೆದ ಜಗಲಿಗಳಲ್ಲಿ ಹೀಟರುಗಳನ್ನು ಬಳಸುವುದನ್ನು ೨೦೨೨ರಲ್ಲಿ ನಿಷೇಧಿಸಿತು. ಜೂಲಿಯನ್ನನು ಚಳಿಗೆ ನಡುಗಿದ ಪ್ಯಾರಿಸಿನಲ್ಲಿ ಇಂದು ಹೊರಗೆ ಕುಳಿತುಕೊಳ್ಳುವವರು ಬೆಚ್ಚನೆಯ ಉಡುಪನ್ನು ತೊಟ್ಟು ಬರಬೇಕಾಗಿದೆ. ನಮ್ಮ ನಾಡಿನ ಚಳಿಗಂತೂ ಬಹುಮಟ್ಟಿಗೆ ಒಂದು ಕಂಬಳಿ ಸಾಕು. ಅದು ದೇಹದ ಶಾಖವನ್ನೇ ಹಿಡಿದಿಟ್ಟು ಕಾಪಾಡುತ್ತದೆ, ಇಂಧನವನ್ನು ಬೇಡುವುದಿಲ್ಲ. ಬೆಂಕಿ ಬೇಕೇಬೇಕಾದಾಗ ಅದನ್ನು ಅಂಗಳದಲ್ಲಿ ಹೊತ್ತಿಸಿ, ಎಚ್ಚರವಿರುವಷ್ಟು ಹೊತ್ತು ಕಾಯಿಸಿಕೊಂಡು, ಮಲಗುವ ಮುನ್ನ ನೀರೆರೆದು ನಂದಿಸುವುದೇ ವಿವೇಕ.