ಬೇರಿಗೆ ಗಾಳಿ ಕೊಟ್ಟ ಕುಂಡ

ನರ್ಸರಿಗಳಲ್ಲಿ ಆರ್ಕಿಡ್‌ಗೆಂದೇ ಮಾರುವ ಮಣ್ಣಿನ ಕುಂಡಕ್ಕೆ ಸುತ್ತಲೂ ತೂತುಗಳಿರುತ್ತವೆ. ಒಳಗೆ ಹಿಡಿ ಮಣ್ಣೂ ಇಲ್ಲ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು, ಅಷ್ಟೆ. ಇಷ್ಟು ಸರಳವಾದ ಏರ್ಪಾಟಿಗೆ ಬಂದು ಮುಟ್ಟಲು ತೋಟಗಾರರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಹಾದಿಯಲ್ಲಿ ಸತ್ತ ಗಿಡಗಳಿಗೆ ಲೆಕ್ಕವಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರೆಜಿಲ್, ವೆಸ್ಟ್ ಇಂಡೀಸ್‌ಗಳಿಂದ ಹಡಗುಗಳಲ್ಲಿ ಆರ್ಕಿಡ್‌ಗಳು ಇಂಗ್ಲೆಂಡಿಗೆ ಬರತೊಡಗಿದವು. 1818ರಲ್ಲಿ ವಿಲಿಯಂ ಕ್ಯಾಟ್ಲಿಯ ತೋಟದಲ್ಲಿ ಬ್ರೆಜಿಲ್‌ನ ಗಿಡವೊಂದು ಹೂಬಿಟ್ಟ ಮೇಲಂತೂ ಸಿರಿವಂತರಿಗೆ ಅದೇ ಹುಚ್ಚು. ಆದರೆ ಕುಂಡವೆಂದರೆ ಮಣ್ಣು ಎಂದೇ ತಿಳಿದಿದ್ದ ಕಾಲ ಅದು. ಮರದ ಮೇಲೆ ಬೆಳೆದ ಗಿಡವನ್ನೂ ಮಣ್ಣಿನಲ್ಲಿ ಹೂತು, ಕಿಟಕಿ ಮುಚ್ಚಿದ ಗಾಜಿನ ಮನೆಯಲ್ಲಿ ಬೆಂಕಿ ಹಾಕಿ ಬೇಯಿಸಿದರು. ನಿಸರ್ಗವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಮಾತ್ರ ಕಡ್ಡಿಯಿಂದ ಹೆಣೆದ ಬುಟ್ಟಿಯಲ್ಲಿ ಪಾಚಿ ಹಾಸಿ ಬೆಳೆಸಿ ನೋಡಿದ್ದರು. ಸರಿಯಾದ ಹಾದಿ ಅದೇ ಆಗಿತ್ತು.

ಆದರೆ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ 1830ರಲ್ಲಿ ಕೊಟ್ಟ ಸಲಹೆಯೂ ಹೆಚ್ಚು ಬಿಸಿ, ಹೆಚ್ಚು ತೇವ ಎಂಬುದೇ. ಅಷ್ಟು ದೊಡ್ಡ ವಿದ್ವಾಂಸರ ಮಾತನ್ನು ಮೀರುವವರು ಯಾರು? ಇಂಗ್ಲೆಂಡಿನ ಚಾಟ್ಸ್‌ವರ್ತ್ ಬಂಗಲೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಮೀರಿದರು. ಅವರು ಕಳಿಸಿದ ಜಾನ್ ಗಿಬ್ಸನ್ 1835ರಲ್ಲಿ ಹೊರಟು, ನಮ್ಮ ಖಾಸಿ ಬೆಟ್ಟಗಳಲ್ಲಿ ಅಲೆದು, 1837ರಲ್ಲಿ ಆರ್ಕಿಡ್‌ಗಳ ರಾಶಿಯೊಂದಿಗೆ ಮರಳಿದರು. ಪ್ಯಾಕ್ಸ್‌ಟನ್ ಗಾಜಿನ ಮನೆಯ ಕಿಟಕಿ ತೆರೆದು ಗಾಳಿ ಬಿಟ್ಟರು, ಬಿಸಿ ತಗ್ಗಿಸಿದರು. ಗಿಡಗಳು ಬದುಕಿದವು.

ಯಾಕೆ ಬದುಕಿದವು ಎಂಬುದಕ್ಕೆ ನಮ್ಮ ಮಲೆನಾಡಿನ ಹಲಸಿನ ಮರಕ್ಕೆ ಅಂಟಿಕೊಂಡ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಬೇರನ್ನು ನೋಡಬೇಕು. ಅದರ ಸುತ್ತ ವೆಲಮೆನ್ ಎಂಬ ಹೊದಿಕೆಯಿದೆ. ಬಲಿತ ಮೇಲೆ ಸತ್ತು ಟೊಳ್ಳಾದ ಕೋಶಗಳ ಪದರ ಅದು. ಮಳೆ ಬಿದ್ದೊಡನೆ ನೀರು ಹೀರಿ ತಿಳಿಯಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಒಣಗಿದರೆ ಟೊಳ್ಳುಗಳಲ್ಲಿ ಗಾಳಿ ತುಂಬಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಈ ಬೇರು ಹುಟ್ಟಿರುವುದೇ ಅದಕ್ಕೆ. ಸದಾ ಒದ್ದೆಯಾಗಿಟ್ಟರೆ ಒಳಗಿನ ಜೀವಂತ ಭಾಗಕ್ಕೆ ಆಮ್ಲಜನಕ ಸಿಗದೆ ಕೊಳೆಯುತ್ತದೆ. ಹೊದಿಕೆ ಕಂದಾಗಿ ಜಾರಿಹೋಗಿ ನಡುವಿನ ನೂಲಷ್ಟೇ ಉಳಿಯುತ್ತದೆ.

ಮುಂದಿನ ಹುಡುಕಾಟವೆಲ್ಲ ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದಿಡುವ ವಸ್ತುವಿಗಾಗಿ. ಇಪ್ಪತ್ತನೆಯ ಶತಮಾನದಲ್ಲಿ ಆಸ್ಮಂಡಾ ಎಂಬ ಜರೀಗಿಡದ ಬೇರಿನ ನಾರು ಬಹುಕಾಲ ಮೆರೆಯಿತು. ಒಳ್ಳೆಯ ವಸ್ತುವೇ, ಆದರೆ ಕಾಡಿನಿಂದ ಕಿತ್ತು ತರಬೇಕಿತ್ತು. 1950ರ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯವರು ಮರದ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಫರ್ ಮರದ ತೊಗಟೆಯನ್ನು ಕುಂಡಕ್ಕೆ ತುಂಬಿದರು. ತೊಗಟೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಹಾಗಾಗಿ ಸಾರಜನಕ ಹೆಚ್ಚಿರುವ ಗೊಬ್ಬರವೂ ಬಂತು.

ನಮಗೆ ಆ ತೊಗಟೆಯೇ ಆಗಬೇಕೆಂದಿಲ್ಲ. ಸುರಿವ ಮಳೆಯ ಸಾಗರ, ಕೊಪ್ಪದ ಕಡೆ ಇದ್ದಿಲು, ಇಟ್ಟಿಗೆ ಚೂರು ಸಾಕು. ವಾಂಡಾದಂಥ ಗಿಡವನ್ನು ಏನೂ ತುಂಬದ ಮರದ ಬುಟ್ಟಿಯಲ್ಲಿ ತೂಗುಹಾಕಿದರೂ ಆದೀತು. ಬೆಂಗಳೂರಿನ ಒಣಗಾಳಿಯ ಬಾಲ್ಕನಿಯಲ್ಲಾದರೆ ತೆಂಗಿನ ಸಿಪ್ಪೆಯ ತುಂಡು ಒಂದಿಷ್ಟು ಹೆಚ್ಚಿರಲಿ. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ಕೆಲವು ಸಲ ನೀರು ಬದಲಿಸಿ ನೆನೆಸಿ ತೊಳೆದೇ ಹಾಕಬೇಕು. ಕೊಕೊಪೀಟ್ ಪುಡಿಯನ್ನು ಮಾತ್ರ ದಯವಿಟ್ಟು ತುಂಬಬೇಡಿ, ಅದು ಒತ್ತಿಕೊಂಡು ಗಾಳಿಗೆ ಜಾಗ ಬಿಡುವುದಿಲ್ಲ. ಮುಂದೆ ಬೆಳೆಯಲಿ ಎಂದು ದೊಡ್ಡ ಕುಂಡ ಕೊಳ್ಳುವುದೂ ತಪ್ಪು. ಬೇರು ತಲುಪದ ಜಾಗದಲ್ಲಿ ತೇವ ಆರದೆ ಉಳಿಯುತ್ತದೆ. ಈಗಿನ ಬೇರುಗಳು ಹಿಡಿಸುವಷ್ಟೇ ಕುಂಡ ಆರಿಸಿ. ಸಿಪ್ಪೆಯಾಗಲಿ ತೊಗಟೆಯಾಗಲಿ ಮೆತ್ತಗಾಗಿ ಪುಡಿಯಾಗತೊಡಗಿದಾಗ, ಬುಡದಲ್ಲಿ ಹೊಸ ಬೇರು ಮೊಳೆಯುವ ಸಮಯ ನೋಡಿಕೊಂಡು ಕುಂಡ ಬದಲಿಸಿ.