ಬಿಚ್ಚಿ ಜೋಡಿಸಿದ ಹಳೆಯ ಗಿಟಾರ್: ಕೊಳ್ಳುವ ಮುನ್ನ

ಗಿಟಾರ್ ನಮ್ಮ ಕುಟುಂಬಗಳಿಗೆ ಹೊಸ ವಾದ್ಯವಲ್ಲ. ಇಗರ್ಜಿಯ ಗಾಯನ ವೃಂದದಲ್ಲಿ, ರೋಸ್ ಹಾಗೂ ಮದುವೆಯ ಸಂಭ್ರಮಗಳಲ್ಲಿ, ಕ್ರಿಸ್ಮಸ್ ಕಾಲದ ಕ್ಯಾರಲ್ ತಂಡಗಳಲ್ಲಿ ಅದರ ನಾದ ಕೇಳದ ಮನೆ ವಿರಳವೆಂದೇ ಹೇಳಬೇಕು. ಸಾದಾ ಗಿಟಾರಿನಲ್ಲಿ ಕೈ ಪಳಗಿಸಿಕೊಂಡ ಮಕ್ಕಳು ಪ್ರಾಯಕ್ಕೆ ಬರುತ್ತಲೇ ಎಲೆಕ್ಟ್ರಿಕ್ ಗಿಟಾರನ್ನು ಬಯಸುವುದೂ ಸಹಜವೇ. ಆದರೆ ಒಳ್ಳೆಯ ತಯಾರಿಕೆಯ ಹೊಸ ವಾದ್ಯದ ಬೆಲೆ ಸಾಮಾನ್ಯ ಕುಟುಂಬದ ತಿಂಗಳ ಖರ್ಚನ್ನೇ ನುಂಗುವಂತಹುದು. ಆದುದರಿಂದ ಮಗ ಅಥವಾ ಮಗಳು ಮೊಬೈಲಿನ ಪರದೆಯಲ್ಲಿ ಸೆಕೆಂಡ್‌ಹ್ಯಾಂಡ್ ಗಿಟಾರಿನ ಜಾಹೀರಾತನ್ನು ತೋರಿಸಿ, ‘ಇದನ್ನು ಕೊಳ್ಳೋಣವೇ?’ ಎಂದು ಕೇಳುವ ಸಂದರ್ಭ ಅನೇಕ ಮನೆಗಳಲ್ಲಿ ಒದಗುತ್ತಿದೆ.

ಆ ಜಾಹೀರಾತುಗಳಲ್ಲಿ ‘ಮಾಡಿಫೈಡ್’, ‘ಅಪ್‌ಗ್ರೇಡೆಡ್’ ಎಂಬ ಪದಗಳು ಪದೇ ಪದೇ ಕಾಣಸಿಗುತ್ತವೆ. ಅಂದರೆ ಕಾರ್ಖಾನೆಯಿಂದ ಹೊರಬಂದ ವಾದ್ಯವನ್ನು ಯಾರೋ ಬಿಚ್ಚಿ, ಕೆಲವು ಭಾಗಗಳನ್ನು ಬದಲಿಸಿ, ಪುನಃ ಜೋಡಿಸಿದ್ದಾರೆ. ಇದನ್ನು ಕಂಡು ಕೆಲವರು ಹೆದರಿ ದೂರ ಸರಿಯುತ್ತಾರೆ. ಇನ್ನು ಕೆಲವರು ಹೆಚ್ಚಿನ ಗುಣವೆಂದೇ ನಂಬಿ ಹೆಚ್ಚಿನ ಹಣ ತೆರುತ್ತಾರೆ. ಇವೆರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬದಲಾವಣೆ ತಾನೇ ದೋಷವೂ ಅಲ್ಲ, ಗುಣವೂ ಅಲ್ಲ. ಏನನ್ನು ಬದಲಿಸಲಾಗಿದೆ, ಅದನ್ನು ಮರಳಿ ಮೊದಲಿನಂತೆ ಮಾಡಲು ಸಾಧ್ಯವೇ, ಮಾರುವವನು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ತೀರ್ಮಾನ ಕೈಗೊಳ್ಳುವುದು ಲೇಸು.

ಬಿಚ್ಚಲೆಂದೇ ಹುಟ್ಟಿದ ವಾದ್ಯ

ಅತಿ ಹೆಚ್ಚಾಗಿ ಬದಲಾವಣೆಗೆ ಒಳಗಾಗುವುದು ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಸಂಸ್ಥೆ 1954ರಲ್ಲಿ ಇದನ್ನು ಹೊರತಂದಿತು. ಇದರ ಕತ್ತನ್ನು ದೇಹಕ್ಕೆ ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿದೆ. ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪಿಕಪ್‌ಗಳೂ, ತಿರುಗಿಸುವ ಗುಂಡಿಗಳೂ ಮುಂಭಾಗದ ಒಂದೇ ಪ್ಲಾಸ್ಟಿಕ್ ಹಲಗೆಯ ಮೇಲೆ ಕುಳಿತಿವೆ. ಕೆಟ್ಟುಹೋದ ಭಾಗವನ್ನು ಸುಲಭವಾಗಿ ಬದಲಿಸಬಹುದಾದ ಈ ಅನುಕೂಲವೇ ಮುಂದೆ ವಾದಕರ ಕೈಯಲ್ಲಿ ಪ್ರಯೋಗಗಳಿಗೆ ದಾರಿ ಮಾಡಿಕೊಟ್ಟಿತು.

ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಹಲವು ಹಳೆಯ ಸ್ಟ್ರಾಟೋಕಾಸ್ಟರ್‌ಗಳನ್ನು ಕೊಂಡು, ಮೂರರ ಒಳ್ಳೆಯ ಭಾಗಗಳಿಂದ ಒಂದನ್ನು ಮಾಡಿಸಿದರು. ‘ಬ್ಲ್ಯಾಕಿ’ ಎಂದು ಹೆಸರಾದ ಆ ವಾದ್ಯ 2004ರಲ್ಲಿ 9,59,500 ಡಾಲರಿಗೆ ಹರಾಜಾಯಿತು. ಎಡ್ಡಿ ವ್ಯಾನ್ ಹೇಲನ್ ಅಗ್ಗದ ದೇಹ-ಕತ್ತುಗಳನ್ನು ಕೂಡಿಸಿ, ಗಿಬ್ಸನ್ ಸಂಸ್ಥೆಯ ಪಿಕಪ್ ಒಂದನ್ನು ತೂರಿಸಿ ಕಟ್ಟಿದ ‘ಫ್ರಾಂಕನ್‌ಸ್ಟೈನ್’ ಗಿಟಾರ್ 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಆದರೆ ಆ ಮೌಲ್ಯ ನುಡಿಸಿದ ಕೈಗಳಿಂದ ಬಂದುದೇ ಹೊರತು ಬದಲಾವಣೆಯಿಂದಲ್ಲ ಎಂಬುದನ್ನು ನಾವು ಮರೆಯಲಾಗದು. ಅಪರಿಚಿತನೊಬ್ಬ ತನ್ನ ಕೋಣೆಯಲ್ಲಿ ಮಾಡಿದ ಪ್ರಯೋಗಕ್ಕೆ ಅಂತಹ ಬೆಲೆ ಕಟ್ಟುವುದು ತರವಲ್ಲ.

ಮರಳಿ ಬರುವುದು, ಬಾರದುದು

ಮೊದಲಿಗೆ ಬದಲಾವಣೆಗಳನ್ನು ಎರಡು ಬಗೆಯಾಗಿ ವಿಂಗಡಿಸಿಕೊಳ್ಳಬೇಕು. ಪಿಕಪ್, ಗುಂಡಿ, ಸ್ವಿಚ್, ಶ್ರುತಿಯ ಬಿರಡೆ, ಮುಂಭಾಗದ ಪ್ಲಾಸ್ಟಿಕ್ ಹಲಗೆ ಮುಂತಾದವು ಮರವನ್ನು ಕೊರೆಯದೆ ಬದಲಿಸಬಹುದಾದ ಭಾಗಗಳು. ಹಳೆಯ ಭಾಗಗಳನ್ನು ಮಾರುವವನು ಜೋಪಾನವಾಗಿ ಇರಿಸಿಕೊಂಡಿದ್ದರೆ ವಾದ್ಯವನ್ನು ಒಂದು ದಿನದಲ್ಲಿ ಮೊದಲಿನ ಸ್ಥಿತಿಗೆ ತರಬಹುದು. ಆದುದರಿಂದ ‘ತೆಗೆದ ಭಾಗಗಳು ನಿಮ್ಮಲ್ಲಿವೆಯೇ, ಅವನ್ನೂ ಕೊಡುವಿರಾ?’ ಎಂಬುದು ನಾವು ಕೇಳಬೇಕಾದ ಮೊದಲ ಪ್ರಶ್ನೆ.

ಮರವನ್ನು ಕೊರೆದ ಬದಲಾವಣೆ ಬೇರೆಯೇ ಮಾತು. ದೊಡ್ಡ ಪಿಕಪ್‌ಗಾಗಿ ದೇಹದಲ್ಲಿ ಗುಂಡಿ ತೋಡಿರಬಹುದು. 1970ರ ದಶಕದ ಕೊನೆಯಲ್ಲಿ ಬಂದ ಫ್ಲಾಯ್ಡ್ ರೋಸ್ ಎಂಬ, ತಂತಿಗಳನ್ನು ಎರಡೂ ತುದಿಗಳಲ್ಲಿ ಬಿಗಿದಿಡುವ ಸಾಧನವನ್ನು ಕೂರಿಸಲು ದೇಹವನ್ನೂ ಕತ್ತಿನ ತುದಿಯನ್ನೂ ಕತ್ತರಿಸಿರಬಹುದು. ಹೋದ ಮರ ಮರಳಿ ಬಾರದು. ಅಂತಹ ಗಿಟಾರ್ ಚೆನ್ನಾಗಿಯೇ ನುಡಿಯಬಹುದು. ಆದರೆ ಮುಂದೆ ಮಾರಲು ಹೊರಟಾಗ ಬೆಲೆ ಇಳಿಯುವುದು ನಿಶ್ಚಿತ. ಬಣ್ಣ ಬದಲಿಸಿದ್ದೂ ಹಾಗೆಯೇ. 1950-60ರ ದಶಕಗಳ ಬೆಲೆಬಾಳುವ ವಾದ್ಯಗಳಿಗೆ ಪುನಃ ಬಣ್ಣ ಬಳಿದರೆ ಮೌಲ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ವ್ಯಾಪಾರಿಗಳ ಸ್ಥೂಲ ಲೆಕ್ಕ.

ಜಾಹೀರಾತಿನ ಮುಂಭಾಗದ ಸುಂದರ ಚಿತ್ರದಲ್ಲಿ ಇದಾವುದೂ ಕಾಣಿಸದು. ಆದುದರಿಂದ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿ ಒಳಗಿನ ಚಿತ್ರವನ್ನೂ, ಕತ್ತನ್ನು ಕಳಚಿ ಅದು ಕುಳಿತುಕೊಳ್ಳುವ ಜಾಗದ ಚಿತ್ರವನ್ನೂ ಕಳುಹಿಸುವಂತೆ ಕೇಳಬೇಕು. ತಾನೇ ಭಾಗಗಳನ್ನು ಬದಲಿಸಿದವನಿಗೆ ಇದು ಅರ್ಧ ಗಂಟೆಯ ಕೆಲಸ. ಕತ್ತಿನ ಬುಡದಲ್ಲಿ ತೆಳ್ಳನೆಯ ತುಂಡೊಂದನ್ನು ಇಟ್ಟಿರುವುದು ಕಂಡುಬಂದರೆ ಗಾಬರಿಯಾಗಬೇಕಿಲ್ಲ. ಕತ್ತಿನ ಓರೆಯನ್ನು ಸರಿಪಡಿಸಲು ಕಾರ್ಖಾನೆಗಳಲ್ಲಿಯೂ ಹಾಗೆ ಮಾಡುವುದುಂಟು. ಸ್ಕ್ರೂ ರಂಧ್ರಗಳು ಸವೆದಿದ್ದರೂ ಮರದ ಕಡ್ಡಿ ತುಂಬಿ ಪುನಃ ಕೊರೆದರೆ ಸರಿಹೋಗುತ್ತದೆ. ಆದರೆ ಸ್ಕ್ರೂಗಳ ಸುತ್ತ ಮರ ಸೀಳಿದ್ದರೆ ಹಿಂದೆ ಸರಿಯುವುದೇ ಒಳಿತು.

ಕತ್ತೇ ಪ್ರಧಾನ

ಪಿಕಪ್ ಕೆಟ್ಟರೆ ಹೊಸತನ್ನು ತರಬಹುದು. ಕತ್ತು ಕೆಟ್ಟರೆ ವಾದ್ಯವೇ ಕೆಟ್ಟಂತೆ. ಗಿಟಾರಿನ ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳೊಂದಿದೆ. ತಂತಿಗಳು ಸದಾ ಕತ್ತನ್ನು ಮುಂದಕ್ಕೆ ಬಗ್ಗಿಸಲು ಎಳೆಯುತ್ತಿದ್ದರೆ ಈ ಸರಳು ಅದನ್ನು ಹಿಂದಕ್ಕೆ ಹಿಡಿದಿಡುತ್ತದೆ. ಅದನ್ನು ತಿರುಗಿಸುವ ನಟ್ಟು ಕೊನೆಯವರೆಗೆ ಬಿಗಿದುಹೋಗಿದ್ದರೆ ಅಥವಾ ಅದರ ಮೂಲೆಗಳು ಸವೆದಿದ್ದರೆ ಕತ್ತನ್ನು ಇನ್ನು ನೇರ್ಪಡಿಸಲಾಗದು. ಹಾಗಾಗಿ ‘ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ?’ ಎಂದು ಬಿಡಿಸಿ ಕೇಳುವುದು ಅಗತ್ಯ.

ವಾದ್ಯವನ್ನು ಕಣ್ಣಾರೆ ನೋಡುವ ಅವಕಾಶ ದೊರೆತರೆ ತಂತಿಯೊಂದನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳ ಮೇಲೆ ಒಟ್ಟಿಗೆ ಒತ್ತಿ ಹಿಡಿಯಬೇಕು. ನಡುವಿನ ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ಸುಮಾರು ಕಾಲು ಮಿಲಿಮೀಟರ್, ಎಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಅಂತರವಿದ್ದರೆ ಕತ್ತು ಆರೋಗ್ಯವಾಗಿದೆ ಎನ್ನಬಹುದು. ತಲೆಯ ಕಡೆಯಿಂದ ಒಂದು ಕಣ್ಣಿನಲ್ಲಿ ಕತ್ತಿನುದ್ದಕ್ಕೂ ನೋಡಿದಾಗ ಎಡಬಲ ಅಂಚುಗಳು ಸಮವಾಗಿ ಕಾಣಬೇಕು. ಒಂದು ಅಂಚು ಮೇಲೆದ್ದು ಇನ್ನೊಂದು ಇಳಿದಿದ್ದರೆ ಕತ್ತು ತಿರುಚಿದೆ. ಅದನ್ನು ಟ್ರಸ್ ರಾಡ್ ತಿದ್ದಲಾರದು.

ಫ್ರೆಟ್‌ಗಳೆಂಬ ಲೋಹದ ಪಟ್ಟಿಗಳು ತಂತಿಯ ಒತ್ತಡದಿಂದ ಸವೆದು ಹಳ್ಳ ಬೀಳುತ್ತವೆ. ಹಳ್ಳ ಆಳವಿಲ್ಲದಿದ್ದರೆ ಅರದಿಂದ ಸಮಗೊಳಿಸಬಹುದು. ಪಟ್ಟಿ ಈಗಾಗಲೇ ಚಪ್ಪಟೆಯಾಗಿದ್ದರೆ ಎಲ್ಲವನ್ನೂ ಕಿತ್ತು ಹೊಸತನ್ನು ಬಡಿಯಬೇಕಾಗುತ್ತದೆ. ಅಗ್ಗದ ಗಿಟಾರಿಗೆ ಆ ಕೂಲಿ ಭಾರವೇ ಸರಿ. ಗಿಬ್ಸನ್ ಮಾದರಿಯ ಗಿಟಾರುಗಳಲ್ಲಿ ತಲೆಯ ಭಾಗ ಹಿಂದಕ್ಕೆ ಓರೆಯಾಗಿರುವುದರಿಂದ ಬಿದ್ದಾಗ ಅದು ಕತ್ತಿನ ಬಳಿ ಮುರಿಯುವುದು ಸಾಮಾನ್ಯ. ಅಂಟು ಹಾಕಿದ ಮೇಲೆ ಬಣ್ಣ ಬಳಿದು ಮುಚ್ಚಿರಬಹುದಾದ್ದರಿಂದ ಹಿಂಭಾಗದ ಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆಸಿ ಪರೀಕ್ಷಿಸಬೇಕು.

ಕರಾವಳಿಯ ವಾದ್ಯವಾದರೆ ಇನ್ನೊಂದನ್ನು ಗಮನಿಸಬೇಕು. ಸಮುದ್ರದ ಉಪ್ಪುಗಾಳಿ ಹಾಗೂ ಮಳೆಗಾಲದ ತೇವ ತಂತಿಯನ್ನು ಹೊತ್ತ ಬ್ರಿಡ್ಜಿನ ಸಣ್ಣ ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತವೆ. ಅವು ತಿರುಗದಿದ್ದರೆ ತಂತಿಗಳ ಎತ್ತರವನ್ನು ಹೊಂದಿಸಲಾಗದು.

ಒಳಗಿನ ಬೆಸುಗೆ

ವಿದ್ಯುತ್ ಭಾಗದಲ್ಲಿ ಮಾಡಿದ ಕೆಲಸದ ಅಂದಚೆಂದವೇ ಮಾಡಿದವನ ಕೈಚಳಕಕ್ಕೆ ಸಾಕ್ಷಿ. ಬೆಸುಗೆಗಳು ಹೊಳೆಯುತ್ತ ನಯವಾಗಿದ್ದರೆ ಕೆಲಸ ಬಲ್ಲವನದು. ಮಂಕಾಗಿ ಉಂಡೆಗಟ್ಟಿ, ವೈರುಗಳು ಟೇಪಿನಿಂದ ಸುತ್ತಲ್ಪಟ್ಟಿದ್ದರೆ ಅನುಮಾನಿಸಬೇಕು. ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ ಪ್ರತಿಯೊಂದು ಪಿಕಪ್ಪನ್ನೂ ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲನೆ ತಟ್ಟಿದರೆ ಅದು ಜೀವಂತವಿದೆಯೇ ಎಂಬುದು ತಿಳಿಯುತ್ತದೆ. ಗುಂಡಿ ತಿರುಗಿಸುವಾಗ ಬರುವ ಕರಕರ ಸದ್ದು ಸಣ್ಣ ದೋಷ. ಶುಚಿಗೊಳಿಸುವ ಸ್ಪ್ರೇಯಿಂದ ಹೆಚ್ಚಾಗಿ ಹೋಗುತ್ತದೆ. ತಂತಿಗಳನ್ನು ಮುಟ್ಟಿದಾಗ ಗುಂಯ್‌ಗುಡುವ ಸದ್ದು ಕಡಿಮೆಯಾದರೆ ಅದು ಸಹಜ. ಮುಟ್ಟಿದಾಗ ಹೆಚ್ಚಾದರೆ ಭೂಸಂಪರ್ಕದ ವೈರು ತಪ್ಪಾಗಿ ಜೋಡಣೆಯಾಗಿದೆ ಎಂದರ್ಥ.

ಪ್ರಸಿದ್ಧ ಸಂಸ್ಥೆಯ ದುಬಾರಿ ಪಿಕಪ್ ಹಾಕಿದ್ದೇನೆಂದು ಮಾರುವವನು ಹೇಳಿದರೆ, ಅದರ ಹಿಂಬದಿಯ ಚೀಟಿಯ ಚಿತ್ರವನ್ನೂ ಕೊಂಡ ರಸೀದಿಯನ್ನೂ ಕೇಳುವುದರಲ್ಲಿ ಸಂಕೋಚವಿರಬಾರದು. ಮಲ್ಟಿಮೀಟರಿನಿಂದ ಅಳೆದಾಗ ಒಂಟಿ ಸುರುಳಿಯ ಪಿಕಪ್ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್, ಜೋಡಿ ಸುರುಳಿಯ ಹಂಬಕರ್ 7 ಕಿಲೋ ಓಮ್‌ಗಿಂತ ಮೇಲೆ ತೋರಿಸುತ್ತದೆ. ಈ ಅಂಕಿ ನಾದದ ಗುಣವನ್ನು ಹೇಳದಿದ್ದರೂ ಸುರುಳಿ ಕಡಿದುಹೋಗಿದೆಯೇ ಎಂಬುದನ್ನು ಹೇಳುತ್ತದೆ.

ಹೆಸರು ಮತ್ತು ಸಂಖ್ಯೆ

ತಲೆಯ ಮೇಲಿನ ಹೆಸರನ್ನು ನೋಡಿಯೇ ನಂಬುವುದು ಅಪಾಯಕಾರಿ. ಫೆಂಡರ್ ಎಂಬ ಹೆಸರಿನ ನಕಲಿ ಅಂಟುಚೀಟಿಗಳು ಮಾರಾಟಕ್ಕೆ ಸಿಗುತ್ತವೆ. ಅದೇ ಸಂಸ್ಥೆಯ ಅಗ್ಗದ ಶ್ರೇಣಿಯಾದ ಸ್ಕ್ವಾಯರ್ ಹೆಸರನ್ನು ಉಜ್ಜಿ ತೆಗೆದು, ಫೆಂಡರ್ ಎಂದು ಅಂಟಿಸಿ ಮಾರುವವರೂ ಇದ್ದಾರೆ. ಇದು ಬದಲಾವಣೆಯಲ್ಲ, ವಂಚನೆ.

ಕ್ರಮಸಂಖ್ಯೆಯೂ ಪೂರ್ಣ ಸತ್ಯವನ್ನು ನುಡಿಯದು. ಫೆಂಡರ್ ಸಂಸ್ಥೆ 1976ರ ಸುಮಾರಿಗೆ ಕ್ರಮಸಂಖ್ಯೆಯನ್ನು ಹಿಂಬದಿಯ ಲೋಹದ ತಗಡಿನಿಂದ ಗಿಟಾರಿನ ತಲೆಗೆ ವರ್ಗಾಯಿಸಿತು. ತಗಡನ್ನೂ ಕತ್ತನ್ನೂ ಬಿಚ್ಚಿ ಬೇರೆ ದೇಹಕ್ಕೆ ಜೋಡಿಸಲು ಸಾಧ್ಯವಿರುವಾಗ, ಸಂಖ್ಯೆ ತಾನಿರುವ ಭಾಗಕ್ಕೆ ಮಾತ್ರ ಸಾಕ್ಷಿ. ಹಳೆಯ ಅಮೆರಿಕನ್ ವಾದ್ಯವೆಂದು ಹೇಳಿದಾಗ ಒಳಗಿನ ಗುಂಡಿಯ ಬೆನ್ನಿನ ಮೇಲೆ ಒತ್ತಿದ ಅಂಕಿಗಳನ್ನೂ ನೋಡಬೇಕು. ಅಲ್ಲಿ 1376633 ಎಂದಿದ್ದರೆ 137 ಎಂಬುದು ಸಿಟಿಎಸ್ ಎಂಬ ತಯಾರಕರ ಗುರುತು. 66 ಎಂಬುದು 1966ನೇ ವರ್ಷ. 33 ಎಂಬುದು ಆ ವರ್ಷದ ವಾರ. ಗುಂಡಿಯನ್ನು ಬದಲಿಸಿಯೇ ಇಲ್ಲವೆಂದಾದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ವಿದೇಶದಿಂದ ತರಿಸುವವರು ಕತ್ತಿನ ಮೇಲಣ ಹಲಗೆಯ ಮರವನ್ನೂ ವಿಚಾರಿಸಬೇಕು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆ ಮರದ ಹಲಗೆಯುಳ್ಳ ಗಿಟಾರುಗಳು ಜಗತ್ತಿನಾದ್ಯಂತ ಇವೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಬೀಟೆಯ ಜಾತಿಯನ್ನೆಲ್ಲ ನಿರ್ಬಂಧಕ್ಕೆ ಒಳಪಡಿಸಿ, 2019ರಲ್ಲಿ ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ನೀಡಿತು. ಆದರೆ ಹಳೆಯ ವಾದ್ಯಗಳಲ್ಲಿರುವ ಬ್ರೆಜಿಲ್‌ನ ಬೀಟೆಗೆ ಆ ವಿನಾಯಿತಿಯಿಲ್ಲ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ.

ಬೆಲೆಯ ಲೆಕ್ಕ

ಬದಲಾವಣೆಗೆ ಖರ್ಚಾದ ಹಣ ವಾದ್ಯದ ಬೆಲೆಗೆ ಹಾಗೆಯೇ ಕೂಡುವುದಿಲ್ಲ. ಒಂದು ಉದಾಹರಣೆ ಊಹಿಸೋಣ. ಬದಲಾವಣೆ ಕಾಣದ ಅದೇ ಮಾದರಿಯ ಹಳೆಯ ಗಿಟಾರ್ 20,000 ರೂಪಾಯಿಗೆ ದೊರೆಯುತ್ತಿದೆ. ಮಾರುವವನು ಪಿಕಪ್‌ಗಳಿಗೆ 10,000, ಕೂಲಿಗೆ 2,000 ರೂಪಾಯಿ ಸುರಿದು 32,000 ರೂಪಾಯಿ ಕೇಳುತ್ತಿದ್ದಾನೆ. ಆ ಪಿಕಪ್‌ಗಳೂ ಈಗ ಹಳೆಯವೇ. ಬೇರೆಯಾಗಿ ಮಾರಿದರೆ ಅರ್ಧ ಬೆಲೆ ಬಂದರೆ ಹೆಚ್ಚು. ಕೂಲಿಯಂತೂ ಮರಳಿ ಬಾರದು. ಮೂಲ ಭಾಗಗಳನ್ನೂ ಕೊಡುವುದಾದರೆ 24,000ರಿಂದ 25,000 ರೂಪಾಯಿ ನ್ಯಾಯವಾದೀತು. ಮರ ಕೊರೆದಿದ್ದರೆ, ಮೂಲ ಭಾಗಗಳಿಲ್ಲದಿದ್ದರೆ, 20,000 ರೂಪಾಯಿಯೂ ಅಧಿಕವೇ.

ಹಣ ತೆರುವ ಮುನ್ನ

ಮಾರುವವನ ಕೈಯಲ್ಲಿ ವಾದ್ಯವಿದೆಯೆಂಬುದಕ್ಕೆ, ಅಂದಿನ ದಿನಾಂಕ ಬರೆದ ಚೀಟಿಯನ್ನು ಗಿಟಾರಿನ ಮೇಲಿರಿಸಿ ತೆಗೆದ ಚಿತ್ರವನ್ನು ಕೇಳಬೇಕು. ಎಲ್ಲ ತಂತಿಗಳನ್ನೂ ಎಲ್ಲ ಫ್ರೆಟ್‌ಗಳಲ್ಲಿ ನುಡಿಸಿ, ಗುಂಡಿ ಮತ್ತು ಸ್ವಿಚ್‌ಗಳನ್ನು ತಿರುಗಿಸುವ ವಿಡಿಯೋ ತರಿಸಿಕೊಳ್ಳಬೇಕು. ಸಾಧ್ಯವಿದ್ದಷ್ಟು ಮಟ್ಟಿಗೆ ಮುಖತಃ ಭೇಟಿಯಾಗಿ, ನುಡಿಸಿ ನೋಡಿದ ಬಳಿಕವೇ ಹಣ ಕೊಡುವುದು ಸುರಕ್ಷಿತ. ಸೈನಿಕರೆಂದು ಹೇಳಿಕೊಂಡು, ವರ್ಗಾವಣೆಯ ನೆಪದಲ್ಲಿ ಅಗ್ಗಕ್ಕೆ ಮಾರುತ್ತೇವೆಂದು ಮುಂಗಡ ಕೇಳುವ ವಂಚಕರ ಜಾಲ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಹಲವರನ್ನು ಸಿಲುಕಿಸಿದೆ. ನಾಳೆ ನಾವೇ ಮಾರುವವರಾದಾಗಲೂ ನೆನಪಿರಲಿ: ಯುಪಿಐ ಪಿನ್ ಒತ್ತಬೇಕಾದುದು ಹಣ ಕೊಡುವಾಗ ಮಾತ್ರ, ಪಡೆಯುವಾಗಲ್ಲ.

ಇಷ್ಟೆಲ್ಲ ಪ್ರಶ್ನೆಗಳಿಗೆ ಮಾರುವವನು ಬೇಸರಿಸದೆ ಉತ್ತರ ಕೊಟ್ಟರೆ, ‘ಇಲ್ಲಿ ಮರ ಕೊರೆದಿದ್ದೇನೆ, ಇಲ್ಲಿ ಫ್ರೆಟ್ ಸವೆದಿದೆ’ ಎಂದು ತಾನಾಗಿಯೇ ಹೇಳಿದರೆ, ಅಂತಹವನಿಂದ ಕೊಂಡ ವಾದ್ಯ ಕೊರತೆಗಳಿದ್ದರೂ ಒಳ್ಳೆಯ ವ್ಯಾಪಾರವೇ. ‘ನಿಮಗಿಂತ ಮೊದಲು ಇನ್ನೊಬ್ಬರು ಕಾಯುತ್ತಿದ್ದಾರೆ’ ಎಂದು ಅವಸರಪಡಿಸುವವನಿಂದ ಕೊಂಡ ನಿಷ್ಕಳಂಕ ವಾದ್ಯವೂ ಸಂಶಯಾಸ್ಪದವೇ.

ತಂದೆತಾಯಿಯರಿಗೆ ಗಿಟಾರಿನ ಜ್ಞಾನವಿಲ್ಲದಿರಬಹುದು. ಮಕ್ಕಳಿಗೆ ಹಣದ ಬೆಲೆ ಪೂರ್ತಿಯಾಗಿ ತಿಳಿಯದಿರಬಹುದು. ಇಬ್ಬರೂ ಜೊತೆಯಾಗಿ ಕುಳಿತು ಪ್ರಶ್ನೆಗಳ ಪಟ್ಟಿಯನ್ನು ಬರೆದು, ಉತ್ತರಗಳನ್ನು ತೂಗಿ ನೋಡಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಯಾರು. ಹಾಗೆ ಕೊಂಡ ಗಿಟಾರಿನಲ್ಲಿ ಮುಂದೆ ಮಗ ಅಥವಾ ಮಗಳು ತಾನೂ ಏನನ್ನಾದರೂ ಬದಲಿಸಿದರೆ, ತೆಗೆದ ಭಾಗವನ್ನು ಡಬ್ಬಿಯಲ್ಲಿ ಜೋಪಾನವಾಗಿಡಲಿ. ಮಾಡಿದ್ದನ್ನು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಲಿ. ಆ ಡಬ್ಬಿ, ಆ ಪುಸ್ತಕ ಎರಡೂ ಮುಂದೊಂದು ದಿನ ಅದನ್ನು ಕೊಳ್ಳಲಿರುವ ಬೇರೊಂದು ಮನೆಯ ಮಗುವಿಗೆ ಸಲ್ಲಬೇಕಾದುವು.