ಮಾಮೂಲ್‌ಪೇಟೆ: 'ಹೋದ ಸಲದ್ದು ಓಡ್ತಾ?'

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು, ರಟ್ಟಿನ ಪೆಟ್ಟಿಗೆ ಹೊತ್ತ ಹಮಾಲಿಯೊಬ್ಬನ ಹಿಂದೆ ನಡೆದರೆ ಮಾಮೂಲ್‌ಪೇಟೆ ತಾನಾಗಿ ಸಿಗುತ್ತದೆ. ಬಳೆ, ಬಿಂದಿ, ಕ್ಲಿಪ್ಪು, ಆಟಿಕೆ, ಬ್ಯಾಗು ಎಲ್ಲವೂ ಇಲ್ಲಿ ಡಜನ್ ಲೆಕ್ಕ, ಗ್ರೋಸ್ ಲೆಕ್ಕ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ದುಡ್ಡು ಕಟ್ಟುವುದಕ್ಕೆ ಮಾತ್ರ. 'ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ' ಎಂದು ಕೇಳುವವರಿಲ್ಲ. ಪುಣ್ಯ.

ಹಾಗಂತ ಗಿರಾಕಿಯ ಅಭಿಪ್ರಾಯ ಬೇಡವೆಂದಲ್ಲ. ಬಳೆ ಅಂಗಡಿಯೊಂದರ ಗಲ್ಲಾ ಪಕ್ಕ ಸ್ವಲ್ಪ ಹೊತ್ತು ನಿಂತೆ. ಕನಕಪುರದ ಕಡೆ ಫ್ಯಾನ್ಸಿ ಸ್ಟೋರ್ ಇಟ್ಟಿರುವ ಹೆಂಗಸೊಬ್ಬರು ಚೀಟಿ ಹಿಡಿದು ಬಂದರು. ಸೇಠು ಚೀಟಿ ನೋಡುವ ಮೊದಲೇ ಕೇಳಿದ್ದು, 'ಹೋದ ಸಲದ್ದು ಓಡ್ತಾ?'

'ಹಸಿರು ಓಡ್ತು. ಆ ಮಿಂಚಿನದು ಹಾಗೇ ಕೂತಿದೆ. ಎರಡು ನಾಲ್ಕು, ಎರಡು ಆರು ಖಾಲಿ. ಎರಡು ಹತ್ತು ಕೇಳೋರೇ ಇಲ್ಲ.'

ಬಳೆಯ ಅಳತೆ ಗೊತ್ತಿಲ್ಲದವರಿಗೆ ಇದು ಒಗಟು. 2.2, 2.4, 2.6, 2.8 ಆದಮೇಲೆ 2.10 ಬರುತ್ತದೆ. ಚುಕ್ಕಿಯ ಮುಂದಿನದು ಇಂಚಿನ ಹದಿನಾರನೇ ಭಾಗಗಳ ಲೆಕ್ಕ, 2.4 ಅಂದರೆ ಎರಡೂಕಾಲು ಇಂಚು, 2.8 ಅಂದರೆ ಎರಡೂವರೆ. ಯಾವ ಊರಲ್ಲಿ ಯಾವ ಅಳತೆ, ಯಾವ ಬಣ್ಣ ಎಂಬುದು ಸೇಠಿಗೆ ಇಂಥ ಮಾತುಗಳಿಂದಲೇ ತಿಳಿಯಬೇಕು. ಗಾಜಿನ ಬಳೆಯ ದೊಡ್ಡ ತವರು ಉತ್ತರಪ್ರದೇಶದ ಫಿರೋಜಾಬಾದ್. ಗೌರಿ ಹಬ್ಬದ ಬಾಗಿನಕ್ಕೆ ಕೊನೇ ವಾರದಲ್ಲಿ ನಮ್ಮವರು ಏನು ಕೇಳುತ್ತಾರೆಂದು ಅಲ್ಲಿನ ಕುಲುಮೆಗೆ ಗೊತ್ತಾಗುವ ದಾರಿಯಲ್ಲಿ ಈ ಗಲ್ಲಾವೂ ಒಂದು ನಿಲ್ದಾಣ. ಈಗ ವಾಟ್ಸ್‌ಆ್ಯಪ್ ಬಂದಿದೆ: ಹೊಸ ಡಿಸೈನಿನ ಫೋಟೊ ಹೋಗುತ್ತದೆ, ಯಾರು ಎಷ್ಟು ಡಜನ್ ಎನ್ನುತ್ತಾರೋ ಅದೇ ತೀರ್ಪು.

ಆದರೆ ಈ ಏರ್ಪಾಡಿಗೆ ಒಂದು ಕಿವಿ ಮಂದ. 'ಓಡಲ್ಲ' ಎಂಬುದು ಪೇಟೆಗೆ ಮುಟ್ಟುತ್ತದೆ. ಯಾಕೆ ಓಡಲ್ಲ ಎಂಬುದು ಮುಟ್ಟುವುದಿಲ್ಲ. ಓಲೆಯ ಪಾಲಿಶ್ ವಾರಕ್ಕೇ ಹೋಯಿತೋ, ಕಿವಿ ಕೆರೆಯಿತೋ, ಹಾಕಿಕೊಂಡವಳು ಊರಿನ ಅಂಗಡಿಗೆ ಹೇಳುತ್ತಾಳೆ. ಅಲ್ಲಿಂದ ಮುಂದೆ ಆ ಮಾತು ಸಾಯುತ್ತದೆ. ಸಾಯಿಸುವುದು ಈ ಓಣಿಗಳಲ್ಲಿ ಬಿಲ್ಲಿನ ಅಡಿಯಲ್ಲೋ ಗೋಡೆಯ ಮೇಲೋ ಕಾಣುವ ಆ ಸಾಲು: 'ಒಮ್ಮೆ ಮಾರಿದ ಮಾಲು ವಾಪಸು ಪಡೆಯುವುದಿಲ್ಲ.'

2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ (2019) ದೋಷವಿರುವ ಸರಕನ್ನು ವಾಪಸು ಪಡೆಯಲು ಒಲ್ಲೆನೆನ್ನುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನದ ಗಡುವು. ತಮಾಷೆಯೆಂದರೆ, ಮರುಮಾರಾಟಕ್ಕೆ ಕೊಂಡವರು ಈ ಕಾಯ್ದೆಯ ಪ್ರಕಾರ ಗ್ರಾಹಕರೇ ಅಲ್ಲ. ದೂರನ್ನು ಪೇಟೆಯವರೆಗೆ ಹೊತ್ತು ತರಬಲ್ಲ ಕನಕಪುರದ ಆ ಹೆಂಗಸಿಗೆ ಕಾನೂನಿನ ಈ ಆಸರೆ ಇಲ್ಲ. ಇರುವುದು ಹಳೇ ಪರಿಚಯ ಮತ್ತು ಕೊಡಬೇಕಾದ ಬಾಕಿ. ಬಾಕಿಯಲ್ಲಿ ಮುರಿದುಕೊಳ್ಳುವುದೇ ಅವರ ದೂರು ಅರ್ಜಿ.

ವಾಪಸು ಬಂದ ಮಾಲು ವ್ಯಾಪಾರಿಗೆ ನಷ್ಟವೆಂದು ಕಾಣುವುದು ಸಹಜ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ ಸಮೀಕ್ಷೆ ಇನ್ನೊಂದಿಲ್ಲ. ಬಂದ ಮಾಲು, ಬಂದ ಊರು, ಹೇಳಿದ ಕಾರಣ ಇಷ್ಟನ್ನು ಗಲ್ಲಾದ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಲಾಟ್ ತರಿಸುವಾಗ ತಯಾರಕನ ಮುಂದೆ ಇಡಲು ಸಾಕ್ಷಿ ಇರುತ್ತದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಗ್ಗದ ಓಲೆಯ ಗುಣಮಟ್ಟಕ್ಕೆ ಹಾಕಿಕೊಂಡವಳ ಮಾತೇ ಪ್ರಮಾಣಪತ್ರ.

ಮನೆಬಳಕೆಗೆಂದು ಮಾಮೂಲ್‌ಪೇಟೆಗೆ ಹೋಗುವವರು ಚೌಕಾಶಿ ಮಾಡಿ, ಆದರೆ ಬಿಲ್ ಕೇಳಿ ಪಡೆಯಿರಿ. ದೋಷವಿದ್ದರೆ ಅಂಗಡಿಗೇ ಹೋಗಿ ಹೇಳಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.